ಮಿಂಚಂಚೆಯಲ್ಲಿ ಕನ್ನಡ: ಅಕ್ಷರ ಮತ್ತು ಲಗತ್ತುಗಳ ತೊಡಕು

ಒಂದು ಮೇಲ್ ತಂತ್ರಾಂಶದಿಂದ ಹೊರಟ ಕನ್ನಡ ಪತ್ರವನ್ನು ಇನ್ನೊಂದರಲ್ಲಿ ತೆರೆದಾಗ ಅಕ್ಷರ ಒಡೆಯುವುದು, ಸಾಲು ಚೆದುರುವುದು, ಲಗತ್ತಿಸಿದ ಕಡತ ಹೆಸರು ಕಳೆದುಕೊಳ್ಳುವುದು ಅಥವಾ ತೆರೆಯದೇ ಹೋಗುವುದು ಕನ್ನಡ ಬಳಕೆದಾರರಿಗೆ ಹಳೆಯ ಅನುಭವ. ಈ ತೊಡಕುಗಳ ಕಾರಣ, ಗುರುತು ಮತ್ತು ಪರಿಹಾರವನ್ನು ಇಲ್ಲಿ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ, ಸೊರಬ ಎಂಬ ಎರಡು ತಾಲ್ಲೂಕುಗಳ ಹೆಸರುಗಳನ್ನೇ ಹಿಡಿದು ವಿವರಿಸಲಾಗಿದೆ. ಮುಖ್ಯ ದೋಷಗಳೆಲ್ಲ ಈ ಎರಡು ಹೆಸರುಗಳೊಳಗೇ ಸಿಗುತ್ತವೆ. ಜೊತೆಗೆ ಇವು ಶಾಸನಗಳ ಸೀಮೆ. ಇಲ್ಲಿನ ಶಾಸನ ಪಾಠದಲ್ಲಿ ಒಂದು ಅಕ್ಷರ ತಪ್ಪಿದರೂ ಅರ್ಥ ತಪ್ಪುತ್ತದೆ.

ಒಡೆದಂತೆ ಕಾಣುವ ಎಷ್ಟೋ ಪತ್ರಗಳು ನಿಜವಾಗಿ ಒಡೆದಿರುವುದಿಲ್ಲ. ಅಕ್ಷರದ ಹಿಂದಿನ ಸಂಖ್ಯೆಗಳು ಸರಿಯಾಗಿಯೇ ಬಂದಿರುತ್ತವೆ, ಅವನ್ನು ಓದುವ ಬಗೆ ಮಾತ್ರ ತಪ್ಪಿರುತ್ತದೆ. ಆದ್ದರಿಂದ ಕೆಟ್ಟದ್ದು ನೋಟವೋ ಒಳಗಿನ ಸರಕೋ ಎಂದು ಮೊದಲು ಗುರುತಿಸಬೇಕು. ಅದು ತಿಳಿದರೆ ಅರ್ಧ ಕೆಲಸ ಮುಗಿದಂತೆ.

ಹಿನ್ನೆಲೆ

ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಜಾಲದ ಮೂಲಕ ಮೊದಲ ಮಿಂಚಂಚೆ ಕಳಿಸಿದವರು ಅಮೆರಿಕದ ರೇ ಟಾಮ್ಲಿನ್ಸನ್. ಅದು 1971ರಲ್ಲಿ, ಆರ್ಪಾನೆಟ್ ಜಾಲದ ಮೇಲೆ. ಪತ್ರದ ಸ್ವರೂಪವನ್ನು ಗೊತ್ತುಪಡಿಸಿದ ಆರ್‌ಎಫ್‌ಸಿ 822 ಎಂಬ ನಿಯಮಾವಳಿ 1982ರಲ್ಲಿ ಬಂತು. ಅದು ಒಪ್ಪಿದ್ದು ಏಳು ಬಿಟ್‌ಗಳ ಆಸ್ಕಿ ಸಂಕೇತಗಳನ್ನು ಮಾತ್ರ. 0ಯಿಂದ 127ರವರೆಗಿನ 128 ಸಂಖ್ಯೆಗಳಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ, ಕೆಲವು ಚಿಹ್ನೆಗಳು ಹಿಡಿಸುತ್ತವೆ. ಕನ್ನಡಕ್ಕೆ ಅಲ್ಲಿ ಜಾಗವೇ ಇರಲಿಲ್ಲ. ಚಿತ್ರ, ಧ್ವನಿ, ಲಗತ್ತುಗಳಿಗೂ ಇರಲಿಲ್ಲ.

ಈ ಗೋಡೆ ದಾಟಲು ನೆಥಾನಿಯಲ್ ಬೋರೆನ್‌ಸ್ಟೀನ್ ಮತ್ತು ನೆಡ್ ಫ್ರೀಡ್ ರೂಪಿಸಿದ ವ್ಯವಸ್ಥೆಯೇ ಮೈಮ್. ಬೋರೆನ್‌ಸ್ಟೀನ್ 1992ರ ಮಾರ್ಚ್ 11ರಂದು ತಮ್ಮ ಗಾಯನ ತಂಡದ ಚಿತ್ರ ಮತ್ತು ಹಾಡನ್ನು ಲಗತ್ತಿಸಿ ಪತ್ರ ಕಳಿಸಿದರು. ಇಂದು ಬಳಕೆಯಲ್ಲಿರುವ ಮೈಮ್ ನಿಯಮಗಳು 1996ರಲ್ಲಿ ಪರಿಷ್ಕೃತವಾದವು. ಮೈಮ್ ಹಳೆಯ ರಸ್ತೆಯನ್ನು ಹಾಗೆಯೇ ಉಳಿಸಿಕೊಂಡು ಸರಕನ್ನು ಆ ರಸ್ತೆಗೆ ತಕ್ಕಂತೆ ಮೂಟೆ ಕಟ್ಟಿತು. ಕನ್ನಡವಿರಲಿ, ಫೋಟೋ ಇರಲಿ, ಎಲ್ಲವನ್ನೂ ಆಸ್ಕಿ ಅಕ್ಷರಗಳ ವೇಷದಲ್ಲಿ ಕಳಿಸಿ, ಮೂಟೆಯ ಮೇಲೆ ಒಂದು ಚೀಟಿ ಅಂಟಿಸುವುದು ಅದರ ಕ್ರಮ. ಒಳಗಿರುವುದು ಏನು, ಯಾವ ಲಿಪಿಸಂಕೇತ, ಕಟ್ಟಿದ್ದು ಹೇಗೆ ಎಂಬುದು ಚೀಟಿಯಲ್ಲಿರುತ್ತದೆ. ಚೀಟಿ ತಪ್ಪಿದರೆ, ಹರಿದರೆ ಅಥವಾ ಓದುವ ತಂತ್ರಾಂಶ ಅದನ್ನು ಲಕ್ಷಿಸದಿದ್ದರೆ ಪತ್ರ ಕಾಗೆಕಾಲು ಗುಬ್ಬಿಕಾಲಾಗುತ್ತದೆ.

ಕನ್ನಡದ ಎರಡು ಸಂಕೇತ ಪರಂಪರೆಗಳು

ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ, 1991ರಲ್ಲೇ, ಕನ್ನಡಕ್ಕೆ ಸ್ಥಾನ ಸಿಕ್ಕಿತ್ತು. ಆದರೆ ಮನೆ, ಕಚೇರಿಗಳ ಕಂಪ್ಯೂಟರಿಗೆ ಅದು ಬಂದದ್ದು ತಡವಾಗಿ. ವಿಂಡೋಸ್‌ನಲ್ಲಿ ಕನ್ನಡ ಯೂನಿಕೋಡ್ ಬೆಂಬಲ ಮತ್ತು ತುಂಗಾ ಫಾಂಟು ದೊರೆತದ್ದು 2001ರ ಎಕ್ಸ್‌ಪಿ ಆವೃತ್ತಿಯಲ್ಲಿ. ಅಷ್ಟರಲ್ಲಿ ಕನ್ನಡಿಗರು ತಮ್ಮದೇ ದಾರಿ ಮಾಡಿಕೊಂಡಿದ್ದರು. ಶೇಷಾದ್ರಿವಾಸು ಅವರ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ, ಶ್ರೀಲಿಪಿ, ಆಕೃತಿ ಮುಂತಾದ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳಿಗೇ ಕನ್ನಡದ ಚಿತ್ರ ತೊಡಿಸಿದವು. ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ನುಡಿಯ ಮೂಲಕ ನಾಡಿನಾದ್ಯಂತ ಹರಡಿತು. ತಾಲ್ಲೂಕು ಕಚೇರಿಯ ಎದುರಿನ ಡಿಟಿಪಿ ಅಂಗಡಿಗಳಲ್ಲಿ ಅರ್ಜಿ, ಕರಾರು, ಮದುವೆ ಕಾಗದ ಎಲ್ಲವೂ ಈ ಫಾಂಟುಗಳಲ್ಲೇ ಸಿದ್ಧವಾದವು. ಕನ್ನಡವನ್ನು ಕಂಪ್ಯೂಟರಿಗೆ ತಂದ ಈ ಶ್ರಮದ ಋಣ ದೊಡ್ಡದು.

ತೊಡಕು ಬಂದದ್ದು ಪತ್ರ ಊರು ದಾಟಿದಾಗ. ನುಡಿ ಫಾಂಟಿನಲ್ಲಿ ‘ಕ’ ಎಂಬುದು ಎರಡು ತುಂಡು. ತಲೆಕಟ್ಟಿಲ್ಲದ ಮೈಗೆ ಇಂಗ್ಲಿಷಿನ ದೊಡ್ಡ ‘ಪಿ’ಯ ಸಂಖ್ಯೆ, ತಲೆಕಟ್ಟಿಗೆ 192 ಎಂಬ ಬೇರೆ ಸಂಖ್ಯೆ. ಫಾಂಟು ಇರುವ ಕಡೆ ಎರಡೂ ಕೂಡಿ ‘ಕ’ ಆಗುತ್ತದೆ. ಇಲ್ಲದ ಕಡೆ ದೊಡ್ಡ ‘ಪಿ’, ಅದರ ಪಕ್ಕ ನೆತ್ತಿಯ ಮೇಲೆ ಓರೆಗೀಟುಳ್ಳ ದೊಡ್ಡ ‘ಎ’ ಕಾಣುತ್ತವೆ. ಪತ್ರದ ಚೀಟಿಯಲ್ಲಿ ‘ಇದು ಕನ್ನಡ’ ಎಂದು ಎಲ್ಲೂ ಬರೆದಿರುವುದಿಲ್ಲ. ಮೇಲ್ ತಂತ್ರಾಂಶದ ಲೆಕ್ಕದಲ್ಲಿ ಅದು ಯುರೋಪಿನ ಯಾವುದೋ ಭಾಷೆ. ಶ್ರೀಲಿಪಿ, ಆಕೃತಿಗಳ ಸಂಖ್ಯಾಪಟ್ಟಿ ನುಡಿಯದಕ್ಕಿಂತ ಬೇರೆಯಾದ್ದರಿಂದ ಒಂದರ ಪತ್ರ ಇನ್ನೊಂದರ ಫಾಂಟಿಗೂ ಒಗ್ಗುವುದಿಲ್ಲ.

ಯೂನಿಕೋಡಿನಲ್ಲಿ ‘ಕ’ಕ್ಕೆ ಒಂದೇ ಸಂಖ್ಯೆ, ಜಗತ್ತಿನ ಎಲ್ಲ ಯಂತ್ರಗಳಲ್ಲೂ ಅದೇ. ಫಾಂಟು ಬದಲಾದರೆ ಅಕ್ಷರದ ಚೆಲುವು ಬದಲಾದೀತು, ಅಕ್ಷರ ಬದಲಾಗದು.

ಎರಡು ಹೆಸರುಗಳ ಪಯಣ

‘ಶಿಕಾರಿಪುರ’ ಎಂಬ ಪದವನ್ನು ಬಿಡಿಸಿದರೆ ಶ, ಗುಡಿಸು, ಕ, ಇಳಿ, ರ, ಗುಡಿಸು, ಪ, ಕೊಂಬು, ರ ಎಂದು 9 ಯೂನಿಕೋಡ್ ಸಂಕೇತಗಳಾಗುತ್ತವೆ. ಯುಟಿಎಫ್-8 ಕ್ರಮದಲ್ಲಿ ಪ್ರತಿ ಕನ್ನಡ ಸಂಕೇತಕ್ಕೂ 3 ಬೈಟ್. ಅಂದರೆ ಇಡೀ ಹೆಸರಿಗೆ 27 ಬೈಟ್. ಮೈಮ್ ಅದನ್ನು ಎರಡು ಬಗೆಯಲ್ಲಿ ಮೂಟೆ ಕಟ್ಟಬಹುದು. ಬೇಸ್64 ಎಂಬ ಕ್ರಮ ಮೂರು ಬೈಟ್‌ಗಳನ್ನು ನಾಲ್ಕು ಆಸ್ಕಿ ಅಕ್ಷರ ಮಾಡುತ್ತದೆ. 27 ಬೈಟ್ 36 ಅಕ್ಷರವಾಗುತ್ತದೆ. ಕೋಟೆಡ್ ಪ್ರಿಂಟಬಲ್ ಎಂಬ ಕ್ರಮ ಪ್ರತಿ ಬೈಟನ್ನೂ ಒಂದು ಸಮ ಚಿಹ್ನೆ ಮತ್ತು ಎರಡು ಅಂಕಿ-ಅಕ್ಷರಗಳಾಗಿ ಬರೆಯುತ್ತದೆ. ಆಗ 81 ಅಕ್ಷರ. ಪತ್ರದ ತುಂಬ ಸಮ ಚಿಹ್ನೆಗಳ ಸಾಲು ಕಂಡರೆ ಮೂಟೆ ಬಂದಿದೆ, ಯಾರೂ ಬಿಚ್ಚಿಲ್ಲ ಎಂದರ್ಥ. ಅದನ್ನು ಬಿಚ್ಚಿದರೆ ಕನ್ನಡ ಪೂರ್ತಿಯಾಗಿ ಮರಳಿ ಸಿಗುತ್ತದೆ.

‘ಸೊರಬ’ ಚಿಕ್ಕ ಹೆಸರು, 4 ಸಂಕೇತ, 12 ಬೈಟ್. ಆದರೆ ಅದರಲ್ಲಿ ಶಿಕಾರಿಪುರಕ್ಕಿಲ್ಲದ ಒಂದು ಸೂಕ್ಷ್ಮವಿದೆ. ‘ಸೊ’ದಲ್ಲಿರುವ ಒಕಾರವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎಕಾರ ಮತ್ತು ಊಕಾರದ ಚಿಹ್ನೆಗಳನ್ನು ಜೋಡಿಸಿ ಎರಡು ಸಂಕೇತವಾಗಿಯೂ ಬರೆಯಬಹುದು. ಎರಡೂ ಸರಿ, ಎರಡೂ ಸಮಾನ ಎಂದು ಯೂನಿಕೋಡ್ ಹೇಳುತ್ತದೆ. ಮ್ಯಾಕ್ ಕಂಪ್ಯೂಟರುಗಳ ಹಳೆಯ ಎಚ್‌ಎಫ್‌ಎಸ್ ಪ್ಲಸ್ ವ್ಯವಸ್ಥೆ ಕಡತದ ಹೆಸರುಗಳನ್ನು ಹೀಗೆ ಬಿಡಿಸಿಯೇ ಇಡುತ್ತಿತ್ತು. ಅಲ್ಲಿಂದ ಹೊರಟ ‘ಸೊರಬ’ ಎಂಬ ಕಡತ ವಿಂಡೋಸ್ ತಲುಪಿದಾಗ ಕಣ್ಣಿಗೆ ಸರಿಯಾಗಿ ಕಂಡರೂ ಹುಡುಕಿದರೆ ಸಿಗದಿರಬಹುದು. ಒಂದೇ ಹೆಸರಿನ ಎರಡು ಕಡತಗಳು ಒಂದೇ ಫೋಲ್ಡರಿನಲ್ಲಿ ಅಕ್ಕಪಕ್ಕ ಕೂತಿರಲೂಬಹುದು. ‘ಕೊ’ ಇರುವ ಶಿರಾಳಕೊಪ್ಪ ಎಂಬ ಊರಿನ ಹೆಸರಿಗೂ ಇದೇ ಪಾಡು.

ಲಕ್ಷಣದಿಂದ ದೋಷದ ಗುರುತು

ಪರದೆಯ ಮೇಲೆ ಕಂಡದ್ದನ್ನು ನಿಧಾನವಾಗಿ ನೋಡಿದರೆ ದೋಷ ಎಲ್ಲಿದೆಯೆಂದು ಅದೇ ಹೇಳುತ್ತದೆ.

ಓರೆಗೀಟಿನ *ಸಣ್ಣ* ‘ಎ’ ಬಂದು, ಅದರ ಬೆನ್ನಿಗೇ ಹೆಗಲೆತ್ತರದ ಪುಟ್ಟ 2 ಅಥವಾ 3 ಬರುತ್ತಿದ್ದರೆ ಅದು ಯೂನಿಕೋಡ್ ಕನ್ನಡವೇ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತದ ಮೊದಲ ಬೈಟೂ ಒಂದೇ, ಎರಡನೆಯದು ಎರಡರಲ್ಲಿ ಒಂದು. ಪಾಶ್ಚಾತ್ಯ ಪಟ್ಟಿಯ ಪ್ರಕಾರ ಓದಿದಾಗ ಅವು ಹೀಗೆ ಕಾಣುತ್ತವೆ. ವ್ಯಂಜನಗಳಿಗೆ ಪುಟ್ಟ 2 ಬರುತ್ತದೆ. ದೀರ್ಘ ಈಕಾರದಿಂದ ಮುಂದಿನ ಸ್ವರಚಿಹ್ನೆಗಳಿಗೂ ಅರ್ಧಾಕ್ಷರದ ಚಿಹ್ನೆಗೂ ಪುಟ್ಟ 3. ಇಲ್ಲಿ ತಪ್ಪಿರುವುದು ಚೀಟಿ ಮಾತ್ರ. ತಂತ್ರಾಂಶದ ಮೆನುವಿನಲ್ಲಿ ಸಂಕೇತೀಕರಣವನ್ನು ಯುಟಿಎಫ್-8ಕ್ಕೆ ಬದಲಿಸಿದರೆ ಕನ್ನಡ ಮೂಡುತ್ತದೆ. ಥಂಡರ್‌ಬರ್ಡ್‌ನ ವ್ಯೂ ಮೆನುವಿನಲ್ಲಿ ಇದಕ್ಕೆಂದೇ ದುರಸ್ತಿಯ ಆಯ್ಕೆಯಿದೆ.

ಓರೆಗೀಟಿನ *ದೊಡ್ಡ* ‘ಎ’ ಮತ್ತೆ ಮತ್ತೆ ಬರುತ್ತಿದ್ದರೆ ಅದು ನುಡಿ ಅಥವಾ ಅದೇ ಪಟ್ಟಿ ಅನುಸರಿಸುವ ಫಾಂಟಿನ ಪತ್ರ. ಆ ‘ಎ’ ಎಂದರೆ ತಲೆಕಟ್ಟು. ಇಲ್ಲೊಂದು ಎಚ್ಚರ ಬೇಕು. ನುಡಿಯ ‘ಶಿ’ ಕೂಡ ಪುಟ್ಟ 2 ಆಗಿ ಕಾಣುತ್ತದೆ. ಆದ್ದರಿಂದ ಶಿಕಾರಿಪುರ, ಶಿವಮೊಗ್ಗ, ಶಿರಾಳಕೊಪ್ಪ ಎಂಬ ಹೆಸರುಗಳೆಲ್ಲ ನುಡಿಯಲ್ಲಿ ಪುಟ್ಟ 2ರಿಂದಲೇ ಶುರುವಾಗುತ್ತವೆ. ಅದರ ಹಿಂದೆ ಸಣ್ಣ ‘ಎ’ ಇದೆಯೇ ಎಂದು ನೋಡಿದರೆ ಸಂಶಯ ತೀರುತ್ತದೆ. ಇಂಥ ಪತ್ರವನ್ನು ನಕಲಿಸಿ ವರ್ಡ್‌ನಲ್ಲಿ ಅಂಟಿಸಿ ನುಡಿ ಫಾಂಟು ಹಾಕಿದರೆ ಓದಬಹುದು. ನುಡಿ, ಬರಹಗಳ ಪರಿವರ್ತಕದಿಂದ ಯೂನಿಕೋಡಿಗೆ ತಂದರೆ ಶಾಶ್ವತ ಪರಿಹಾರ. ನುಡಿ ಇರುವ ಯಂತ್ರದಲ್ಲೂ ಮೇಲಿನಲ್ಲಿ ಗೀಚು ಕಾಣುವುದೇಕೆ ಎಂದು ಹಲವರು ಕೇಳುತ್ತಾರೆ. ಅಂಟಿಸುವಾಗ ಅಕ್ಷರಗಳ ಸಂಖ್ಯೆ ಬಂದು ಫಾಂಟಿನ ಹೆಸರು ಹಿಂದೆ ಉಳಿದಿರುತ್ತದೆ. ಯಾವ ಫಾಂಟು ತೊಡಿಸಬೇಕೆಂದು ಮೇಲ್ ತಂತ್ರಾಂಶಕ್ಕೆ ತಿಳಿಯುವುದಿಲ್ಲ.

ಚೌಕ ಚೌಕವಾಗಿ ಕಂಡರೆ ಫಾಂಟು ಇಲ್ಲ ಎಂದರ್ಥ, ಪತ್ರ ಪೂರ್ತಿ ಕ್ಷೇಮ. ಒತ್ತಕ್ಷರ ಕೂಡದೆ ಅರ್ಧಾಕ್ಷರವಾಗಿ ಬಿಡಿಯಾಗಿ ನಿಂತರೆ, ಅಥವಾ ಚುಕ್ಕಿಗಳ ವೃತ್ತಕ್ಕೆ ಸ್ವರಚಿಹ್ನೆ ತೂಗಿದರೆ, ಅಕ್ಷರ ಜೋಡಿಸುವ ಭಾಗ ಹಳೆಯದು ಅಥವಾ ಸಂಕೇತಗಳ ಕ್ರಮ ತಪ್ಪಿದೆ. ಮೊದಲನೆಯದಾದರೆ ಹೊಸ ಯಂತ್ರದಲ್ಲಿ ತೆರೆದಾಗ ಸರಿಹೋಗುತ್ತದೆ.

ವಜ್ರಾಕೃತಿಯೊಳಗೆ ಪ್ರಶ್ನಾರ್ಥಕ ಕಂಡರೆ ಆ ಜಾಗದ ಬೈಟ್‌ಗಳು ತುಂಡಾಗಿವೆ ಅಥವಾ ತಪ್ಪು ಪಟ್ಟಿಯಲ್ಲಿ ಓದಲಾಗುತ್ತಿದೆ. ಮೂಲವನ್ನು ನೋಡಿ ತೀರ್ಮಾನಿಸಬೇಕು.

ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಮಾತ್ರ ನಿಜವಾದ ನಷ್ಟ. ಕನ್ನಡ ಗೊತ್ತಿಲ್ಲದ ಪಟ್ಟಿಗೆ ಪತ್ರವನ್ನು ಬದಲಿಸುವಾಗ ಪ್ರತಿ ಅಕ್ಷರದ ಬದಲು ಒಂದೇ ಚಿಹ್ನೆ ತುಂಬಲಾಗಿದೆ. ಅದರಿಂದ ಏನೂ ಹಿಂದಕ್ಕೆ ಬಾರದು. ಎಂಟನೆಯ ಬಿಟ್ ಕತ್ತರಿಸುವ ಹಳೆಯ ಸರ್ವರುಗಳ ಮೂಲಕ ಹೋದ ನುಡಿ ಪತ್ರದ ಗತಿಯೂ ಹೆಚ್ಚುಕಡಿಮೆ ಇದೇ. ತಲೆಕಟ್ಟಿನ 192ರಲ್ಲಿ 128 ಹೋಗಿ 64 ಉಳಿಯುತ್ತದೆ, 64 ಎಂದರೆ ವಿಳಾಸದಲ್ಲಿ ಬಳಸುವ ‘ಅಟ್’ ಚಿಹ್ನೆ. ತಲೆಕಟ್ಟುಗಳೆಲ್ಲ ಅಟ್ ಚಿಹ್ನೆಗಳಾದ ಪತ್ರವನ್ನು ಪೂರ್ತಿಯಾಗಿ ಮರಳಿ ಕಟ್ಟಲಾಗದು. ಕಳಿಸಿದವರಿಂದ ಮತ್ತೆ ತರಿಸಿಕೊಳ್ಳುವುದೊಂದೇ ದಾರಿ.

ವಿಷಯದ ಸಾಲು ಮತ್ತು ಕಡತದ ಹೆಸರು

ಪತ್ರದ ಒಡಲು ಚೆನ್ನಾಗಿದ್ದು ವಿಷಯದ ಸಾಲು ಮಾತ್ರ ಕೆಡುವುದುಂಟು. ವಿಷಯದ ಸಾಲಿಗೆ ಬೇರೆಯೇ ನಿಯಮವಿದೆ, ಆರ್‌ಎಫ್‌ಸಿ 2047. ಅದರಂತೆ ಕನ್ನಡವನ್ನು 75 ಅಕ್ಷರ ಮೀರದ ತುಂಡುಗಳಾಗಿ ಕಟ್ಟಬೇಕು. ಪ್ರತಿ ತುಂಡಿನಲ್ಲಿ ಲಿಪಿಸಂಕೇತದ ಹೆಸರು, ಕಟ್ಟಿದ ಕ್ರಮ, ಆದಿ ಅಂತ್ಯದ ಗುರುತುಗಳಿಗೆ 12 ಅಕ್ಷರ ಹೋಗಿ, ಬೇಸ್64 ಕ್ರಮದಲ್ಲಿ ಉಳಿಯುವ ಜಾಗ 45 ಬೈಟ್‌ಗೆ ಸಾಕು. ಅಂದರೆ 15 ಕನ್ನಡ ಸಂಕೇತ. ‘ಶಿಕಾರಿಪುರ’ ಒಂದಕ್ಕೇ 9 ಬೇಕು. ಹಾಗಾಗಿ ಸಾಮಾನ್ಯ ಉದ್ದದ ಕನ್ನಡ ಶೀರ್ಷಿಕೆಯೂ ಎರಡು ಮೂರು ತುಂಡಾಗುತ್ತದೆ. ಒಂದು ಅಕ್ಷರದ ಮೂರು ಬೈಟ್‌ಗಳನ್ನು ಎರಡು ತುಂಡಿಗೆ ಹಂಚಬಾರದೆಂದು ನಿಯಮ ಹೇಳುತ್ತದೆ. ಅದನ್ನು ಪಾಲಿಸದ ತಂತ್ರಾಂಶದಿಂದ ಬಂದ ಸಾಲಿನ ನಡುವೆ ಒಂದೆರಡು ವಜ್ರದ ಪ್ರಶ್ನಾರ್ಥಕ ಕಾಣುತ್ತವೆ. ಕನ್ನಡ ಶೀರ್ಷಿಕೆಯನ್ನು ಚುಟುಕಾಗಿ ಇಡುವುದು ಇದಕ್ಕೆ ಸುಲಭ ಮದ್ದು.

ಲಗತ್ತಿನ ಹೆಸರಿಗೆ ಮೂರನೆಯ ನಿಯಮ, ಆರ್‌ಎಫ್‌ಸಿ 2231. ಕೆಲವು ತಂತ್ರಾಂಶಗಳು ಅದನ್ನು ಬಿಟ್ಟು ವಿಷಯದ ಸಾಲಿನ ಕ್ರಮವನ್ನೇ ಹೆಸರಿಗೂ ಬಳಸುತ್ತವೆ. ಒಂದು ಕಟ್ಟಿದ ಬಗೆ ಇನ್ನೊಂದಕ್ಕೆ ತಿಳಿಯದಿದ್ದಾಗ ಕನ್ನಡ ಹೆಸರಿನ ಕಡತ ಅಡಿಗೆರೆಗಳ ಸಾಲಾಗಿಯೋ ಹೆಸರಿಲ್ಲದ ಕಡತವಾಗಿಯೋ ಬರುತ್ತದೆ. ಹೆಸರಿನ ಜೊತೆ ಕೊನೆಯ ಬಾಲವೂ ಕಳೆದರೆ ಯಾವ ತಂತ್ರಾಂಶದಲ್ಲಿ ತೆರೆಯಬೇಕೆಂದು ಯಂತ್ರಕ್ಕೆ ಗೊತ್ತಾಗುವುದಿಲ್ಲ. ಕಡತವನ್ನು ಉಳಿಸಿಕೊಂಡು ಪಿಡಿಎಫ್ ಅಥವಾ ಡಾಕ್ಸ್ ಎಂಬ ಬಾಲವನ್ನು ಕೈಯಿಂದ ಸೇರಿಸಿದರೆ ಸಾಮಾನ್ಯವಾಗಿ ತೆರೆಯುತ್ತದೆ.

ಲಗತ್ತುಗಳ ತೊಡಕು

*ವಿನ್‌ಮೇಲ್.ಡ್ಯಾಟ್.* ‘ಪಹಣಿ ಕಳಿಸಿದ್ದೇನೆ’ ಎಂದು ಪತ್ರ ಹೇಳುತ್ತದೆ, ಲಗತ್ತಿನಲ್ಲಿ ವಿನ್‌ಮೇಲ್ ಎಂಬ ತೆರೆಯದ ಕಡತ ಮಾತ್ರ ಇರುತ್ತದೆ. ಔಟ್‌ಲುಕ್‌ನಿಂದ ರಿಚ್ ಟೆಕ್ಸ್ಟ್ ಸ್ವರೂಪದಲ್ಲಿ ಕಳಿಸಿದಾಗ ಅಲಂಕಾರ, ಲಗತ್ತು ಎಲ್ಲವೂ ಮೈಕ್ರೋಸಾಫ್ಟಿನ ಟಿಎನ್‌ಇಎಫ್ ಎಂಬ ಖಾಸಗಿ ಮೂಟೆಯೊಳಗೆ ಸೇರುತ್ತವೆ. ಔಟ್‌ಲುಕ್ ಬಿಟ್ಟು ಹಲವು ತಂತ್ರಾಂಶಗಳಿಗೆ ಅದನ್ನು ಬಿಚ್ಚಲು ಬಾರದು. ಪಹಣಿ ಅದರೊಳಗೇ ಇರುತ್ತದೆ. ಕಳಿಸುವವರು ಸ್ವರೂಪವನ್ನು ಎಚ್‌ಟಿಎಂಎಲ್ ಅಥವಾ ಸಾದಾ ಪಠ್ಯಕ್ಕೆ ಬದಲಿಸಿದರೆ ತೊಂದರೆ ತಪ್ಪುತ್ತದೆ. ಬಂದ ಮೂಟೆಯನ್ನು ಬಿಚ್ಚುವ ಉಚಿತ ಉಪಕರಣಗಳೂ ಇವೆ.

*ಗಾತ್ರ.* ಬೇಸ್64ರಿಂದ ಕಡತ ಮೂರನೇ ಒಂದರಷ್ಟು ಹಿಗ್ಗುತ್ತದೆ, ಸಾಲು ಮುರಿಯುವ ಗುರುತುಗಳೂ ಸೇರುತ್ತವೆ. ಜಿಮೇಲಿನ ಮಿತಿ 25 ಎಂಬಿ ಎಂದಿದ್ದರೂ ಮೂಲ ಕಡತ 18 ಎಂಬಿಯೊಳಗೆ ಇದ್ದರೆ ನಿಶ್ಚಿಂತೆ. ಶಾಸನದ ಕಲ್ಲು, ದೇವಾಲಯಗಳ ದೊಡ್ಡ ಚಿತ್ರಗಳನ್ನು ಡ್ರೈವ್‌ಗೆ ಏರಿಸಿ ಕೊಂಡಿ ಕಳಿಸುವುದು ಮೇಲು.

*ತಡೆ.* ವೈರಸ್ ಭಯದಿಂದ ಜಿಮೇಲ್ ಮುಂತಾದ ಸೇವೆಗಳು ಇಎಕ್ಸ್‌ಇ ಬಗೆಯ ಕಡತಗಳನ್ನು, ಅವು ಜಿಪ್‌ನೊಳಗೆ ಅಡಗಿದ್ದರೂ, ಒಪ್ಪುವುದಿಲ್ಲ. ಪತ್ರ ಓದಲೆಂದು ಫಾಂಟಿನ ತಂತ್ರಾಂಶವನ್ನೇ ಲಗತ್ತಿಸಿದರೆ ಅದು ಮರಳಿ ಬರುವುದು ಇದರಿಂದ.

*ವರ್ಡ್ ಮತ್ತು ಪಿಡಿಎಫ್.* ನುಡಿಯಲ್ಲಿ ಮಾಡಿದ ವರ್ಡ್ ಕಡತ ಫಾಂಟಿಲ್ಲದ ಮೊಬೈಲಿನಲ್ಲಿ ಗೀಚಾಗುತ್ತದೆ. ಪಿಡಿಎಫ್ ಫಾಂಟನ್ನು ತನ್ನೊಳಗೇ ಹುದುಗಿಸಿಕೊಂಡು ಹೋಗುವುದರಿಂದ ಎಲ್ಲೆಡೆ ಸರಿಯಾಗಿ ಕಾಣುತ್ತದೆ. ಆದರೆ ನುಡಿಯ ಪಿಡಿಎಫ್‌ನಿಂದ ಸಾಲನ್ನು ನಕಲಿಸಿದರೆ ಮತ್ತೆ ದೊಡ್ಡ ‘ಎ’ಗಳೇ ಬರುತ್ತವೆ. ಓದಲು ಪಿಡಿಎಫ್, ತಿದ್ದಲು ಯೂನಿಕೋಡ್ ವರ್ಡ್ ಎಂದು ಎರಡನ್ನೂ ಲಗತ್ತಿಸುವುದು ಒಳ್ಳೆಯ ರೂಢಿ.

*ಚಿತ್ರಗಳು.* ಐಫೋನುಗಳು 2017ರಿಂದ ಫೋಟೋಗಳನ್ನು ಎಚ್‌ಇಐಸಿ ಸ್ವರೂಪದಲ್ಲಿ ಉಳಿಸುತ್ತವೆ. ಹಳೆಯ ವಿಂಡೋಸ್ ಅದನ್ನು ತೆರೆಯದು. ಜೆಪೆಗ್‌ಗೆ ಬದಲಿಸಿ ಕಳಿಸಬೇಕು.

ಪುಟದ ವಿನ್ಯಾಸ

ಮಿಂಚಂಚೆಯ ಸಾಲು 78 ಅಕ್ಷರದೊಳಗೆ ಇರಲಿ, 998 ಅಕ್ಷರ ದಾಟಲೇಬಾರದು ಎಂಬುದು ನಿಯಮ. ಸಾದಾ ಪಠ್ಯದ ಪತ್ರಗಳಲ್ಲಿ ಸಾಲುಗಳು ನಡುವೆ ತುಂಡಾಗಿ ಮೆಟ್ಟಿಲಾಗುವುದು ಇದರಿಂದ. ಎಚ್‌ಟಿಎಂಎಲ್ ಪತ್ರಗಳಲ್ಲಿ ತೊಡಕು ಬೇರೆ. ಔಟ್‌ಲುಕ್ 2007ರ ಆವೃತ್ತಿಯಿಂದ ಪತ್ರವನ್ನು ವರ್ಡ್‌ನ ಯಂತ್ರದಿಂದ ತೋರಿಸತೊಡಗಿತು. ಹೀಗಾಗಿ ಜಿಮೇಲಿನಲ್ಲಿ ನೆಟ್ಟಗಿದ್ದ ಕೋಷ್ಟಕ ಅಲ್ಲಿ ಸೊಟ್ಟಗಾಗಬಹುದು. ಬಡ್ಡಿ ಲೆಕ್ಕ, ಅಡಿಕೆ ತೂಕದ ಪಟ್ಟಿ, ಸಭೆಯ ನಡಾವಳಿಯಂಥವನ್ನು ಪತ್ರದ ಒಡಲಿಗೆ ಅಂಟಿಸದೆ ಲಗತ್ತಾಗಿ ಕಳಿಸಿದರೆ ಅಂಕಿಗಳು ಸ್ಥಳ ತಪ್ಪುವುದಿಲ್ಲ.

ಶಾಸನ ಪಾಠಗಳು

ಶಿಕಾರಿಪುರ ತಾಲ್ಲೂಕಿನಲ್ಲಿ ಕದಂಬರ ಸ್ತಂಭ ಶಾಸನವಿರುವ ತಾಳಗುಂದ ಮತ್ತು ಬಳ್ಳಿಗಾವಿ, ಸೊರಬ ತಾಲ್ಲೂಕಿನಲ್ಲಿ ಕುಬಟೂರು, ಚಂದ್ರಗುತ್ತಿ ಇವೆ. ಬಿ. ಎಲ್. ರೈಸ್ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 7ನೆಯ ಸಂಪುಟದಲ್ಲಿ 1902ರಲ್ಲಿ ಶಿಕಾರಿಪುರದ, 8ನೆಯ ಸಂಪುಟದಲ್ಲಿ 1904ರಲ್ಲಿ ಸೊರಬದ ಶಾಸನಗಳನ್ನು ಪ್ರಕಟಿಸಿದರು. ಕನ್ನಡ ಲಿಪಿಯ ಪಾಠದ ಜೊತೆ ರೋಮನ್ ಲಿಪ್ಯಂತರವನ್ನೂ ಕೊಟ್ಟರು. ಆ ಲಿಪ್ಯಂತರದಲ್ಲಿ ಅಕ್ಷರದ ಕೆಳಗಿನ ಚುಕ್ಕಿಯೇ ‘ಲ’ ಮತ್ತು ‘ಳ’ಗಳನ್ನು, ‘ನ’ ಮತ್ತು ‘ಣ’ಗಳನ್ನು ಬೇರೆ ಮಾಡುತ್ತದೆ. ಇಂಥ ಪಾಠವನ್ನು ಬೆರಳಚ್ಚು ಮಾಡಿ ಕಳಿಸುವಾಗ ತಪ್ಪು ಸಂಕೇತೀಕರಣದಿಂದ ಚುಕ್ಕಿ ಬಿದ್ದುಹೋದರೆ ಓದುಗನಿಗೆ ದೋಷ ಕಾಣುವುದೂ ಇಲ್ಲ. ಗೀಚಾದ ಪತ್ರಕ್ಕಿಂತ ಇದು ಅಪಾಯಕಾರಿ.

ಹಳಗನ್ನಡದ ಱ ಮತ್ತು ೞ ಅಕ್ಷರಗಳದ್ದು ಮತ್ತೊಂದು ಕಥೆ. ಯೂನಿಕೋಡಿನಲ್ಲಿ ಎರಡಕ್ಕೂ ಸ್ಥಾನವಿದೆ. ಆದರೆ ೞ ಅಕ್ಷರದ ಅಧಿಕೃತ ಇಂಗ್ಲಿಷ್ ಹೆಸರು ತಪ್ಪಾಗಿ ‘ಫ’ ಎಂದು ದಾಖಲಾಗಿಬಿಟ್ಟಿದೆ. ಒಮ್ಮೆ ಕೊಟ್ಟ ಹೆಸರು ಬದಲಿಸುವಂತಿಲ್ಲ ಎಂಬ ನಿಯಮದಿಂದ ಅದು ಹಾಗೇ ಉಳಿದು, ಪಕ್ಕದಲ್ಲಿ ತಿದ್ದುಪಡಿಯ ಹೆಸರು ಸೇರಿದೆ. ಹಳೆಯ ಫಾಂಟುಗಳಲ್ಲಿ ಈ ಅಕ್ಷರಗಳು ಚೌಕವಾಗುತ್ತವೆ. ಚೌಕ ಕಂಡು ಬೇಸತ್ತು ಯಾರಾದರೂ ೞ ತೆಗೆದು ‘ಳ’ ಹಾಕಿ ಮುಂದಕ್ಕೆ ಕಳಿಸಿದರೆ ಶಾಸನದ ಪಾಠವೇ ಬದಲಾಗುತ್ತದೆ. ಫಾಂಟಿನ ಕೊರತೆಗೆ ಪಾಠವನ್ನು ತಿದ್ದಬಾರದು.

ಪರಿಹಾರದ ಕ್ರಮ

ಕೆಟ್ಟ ಪತ್ರ ಬಂದಾಗ ಮೊದಲು ಅದನ್ನು ಮುಂದಕ್ಕೆ ಕಳಿಸದೆ, ಅಳಿಸದೆ ಹಾಗೇ ಇಡಬೇಕು. ಫಾರ್ವರ್ಡ್ ಮಾಡಿದಾಗ ಪತ್ರ ಮತ್ತೆ ಮೂಟೆಯಾಗುತ್ತದೆ, ತಪ್ಪು ಓದಿದ ಅಕ್ಷರಗಳೇ ನಿಜವೆಂದು ಉಳಿದುಬಿಡುತ್ತವೆ. ಬಳಿಕ ಇನ್ನೊಂದು ಯಂತ್ರದಲ್ಲೋ ಮೊಬೈಲಿನಲ್ಲೋ ತೆರೆದು ನೋಡಬೇಕು. ಅಲ್ಲಿ ಸರಿಯಿದ್ದರೆ ದೋಷ ನಮ್ಮ ಕಡೆಯದು. ಎರಡೂ ಕಡೆ ಕೆಟ್ಟಿದ್ದರೆ ಮೇಲೆ ಹೇಳಿದ ಲಕ್ಷಣಗಳಿಗೆ ಹೋಲಿಸಬೇಕು. ಆಮೇಲೆ ‘ಮೂಲ ತೋರಿಸು’ ಆಯ್ಕೆಯಿಂದ ಪತ್ರದ ಚೀಟಿಯನ್ನು ತೆರೆದು ಲಿಪಿಸಂಕೇತದ ಜಾಗದಲ್ಲಿ ಯುಟಿಎಫ್-8 ಎಂದಿದೆಯೇ ನೋಡಬೇಕು. ಕೊನೆಗೆ ಕಳಿಸಿದವರಿಗೆ ‘ಓದಲಾಗಲಿಲ್ಲ’ ಎಂದಷ್ಟೇ ಬರೆಯದೆ, ಕಂಡದ್ದರ ಪರದೆಚಿತ್ರವನ್ನೂ ತಮ್ಮ ತಂತ್ರಾಂಶದ ಹೆಸರನ್ನೂ ಸೇರಿಸಿ ಉತ್ತರಿಸಬೇಕು. ದೋಷ ಹುಟ್ಟುವುದು ಹೆಚ್ಚಾಗಿ ಹೊರಡುವ ಕಡೆ. ಅಲ್ಲಿ ತಿದ್ದಿದರೆ ಅವರು ಬರೆಯುವ ಮುಂದಿನ ಪತ್ರಗಳೆಲ್ಲ ಸರಿಹೋಗುತ್ತವೆ.

ಇಂದಿನ ಸ್ಥಿತಿ

ಇಂದಿನ ಮೊಬೈಲುಗಳು ಬರೆಯುವುದು ಯೂನಿಕೋಡಿನಲ್ಲೇ. ಮಿಂಚಂಚೆಯ ವಿಳಾಸದಲ್ಲೂ ಇಂಗ್ಲಿಷೇತರ ಲಿಪಿಗಳಿಗೆ ಅವಕಾಶ ಕೊಡುವ ಆರ್‌ಎಫ್‌ಸಿ 6531 ನಿಯಮ 2012ರಲ್ಲಿ ಬಂದಿದೆ. ಕನ್ನಡ ಲಿಪಿಯಲ್ಲಿ ‘.ಭಾರತ’ ಎಂಬ ಜಾಲತಾಣದ ಕೊನೆಹೆಸರೂ ಇದೆ. ಹಳೆಯ ನುಡಿ ಕಡತಗಳ ರಾಶಿ ಮಾತ್ರ ಮನೆ, ಅಂಗಡಿ, ಸಂಘಸಂಸ್ಥೆಗಳ ಕಂಪ್ಯೂಟರುಗಳಲ್ಲಿ ಉಳಿದಿದೆ. ಅವು ಓದುವಂತಿರುವಾಗಲೇ ಯೂನಿಕೋಡಿಗೆ ತಂದಿಡುವುದು ಅಗತ್ಯ.

ಅಕ್ಷರ ಒಡೆಯುವ ಕಾಟಕ್ಕೆ ಸೋತು ಇಂಗ್ಲಿಷ್ ಲಿಪಿಯಲ್ಲೇ ಕನ್ನಡ ಬರೆಯುವ ಅಭ್ಯಾಸ ಹಲವರಿಗೆ ಅಂಟಿತು. ಹಾಗೆ ಬರೆದಾಗ ‘ಹಳ್ಳಿ’ಯೂ ‘ಹಲ್ಲಿ’ಯೂ ಒಂದೇ ಆಗುತ್ತವೆ. ರೈಸ್ ಅವರು ಚುಕ್ಕಿಯಿಟ್ಟು ಕಾಪಾಡಿದ ವ್ಯತ್ಯಾಸ ಅಲ್ಲಿ ಅಳಿದುಹೋಗುತ್ತದೆ. ಅಂದಿನ ಆ ಕಾರಣ ಇಂದು ಉಳಿದಿಲ್ಲ. ಸೊರಬದವರು ‘ಸೊರಬ’ ಎಂದು ಕನ್ನಡದಲ್ಲೇ ಬರೆದು ಕಳಿಸಿದರೆ ಆ ಹನ್ನೆರಡು ಬೈಟ್‌ಗಳು ಯಾವ ದೇಶ ತಲುಪಿದರೂ ಸೊರಬವೇ ಆಗಿ ತೆರೆಯುತ್ತವೆ.